ಉಗುರು ತೋರಿಸಲು ಹೋದರೆ ಬೆರಳಿನ ಗೆಣ್ಣನ್ನೂ ನೋಡಿದರು: ಜಯನಗರದ ಸ್ಕಿನ್ ಕ್ಲಿನಿಕ್

ಡಾಕ್ಟರಿಗೆ 5 ಸ್ಟಾರ್, ರಿಸೆಪ್ಷನ್‌ಗೆ 2. ಒಟ್ಟು 4 ಒತ್ತಿದ್ದೇನೆ.

ಮೊಣಕೈಯ ಸೋರಿಯಾಸಿಸ್ (ಚರ್ಮ ಕೆಂಪಾಗಿ ಪೊರೆ ಏಳುವ ಕಾಯಿಲೆ) ನನಗೆ ಹಳೇ ಪರಿಚಯ. ಆದರೆ ಈಚೆಗೆ ಉಗುರಿನಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿಗಳು, ಒಳಗೆ ಹಳದಿ ಕಲೆ, ತುದಿಯಿಂದ ಉಗುರು ಬಿಟ್ಟುಕೊಳ್ಳುವುದು ಎಲ್ಲ ಶುರುವಾದಾಗ, ಬೇರೆ ಕಡೆ ಒಬ್ಬರು ಕೈ ಮುಟ್ಟಿಯೂ ನೋಡದೆ ಫಂಗಸ್ ಅಂತ ಮಾತ್ರೆ ಬರೆದಿದ್ದರು. ಏನೂ ಬದಲಾಗಲಿಲ್ಲ.

ಇಲ್ಲಿ ಮೊದಲು ಉಗುರಿನ ಚೂರು ಕತ್ತರಿಸಿ ಟೆಸ್ಟಿಗೆ ಕಳಿಸಿದರು. ಫಂಗಸ್ ಇರಲಿಲ್ಲ. ಆಮೇಲೆ ಉಗುರಿನ ಹಿಂದಿನ ಗೆಣ್ಣು ಒತ್ತಿ, ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯಾಗಿರುತ್ತಾ ಅಂತ ಕೇಳಿದರು. ಚರ್ಮದ ಡಾಕ್ಟರಿಗೆ ಇದೆಲ್ಲ ಯಾಕೆ ಅನ್ನಿಸಿತು. ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು. ಬೆರಳನ್ನು ನೇರ ಮಾಡುವ ಸ್ನಾಯುರಜ್ಜು ಕೊನೆಯ ಮೂಳೆಗೆ ಅಂಟುತ್ತದಲ್ಲ, ಅದರ ಎಳೆಗಳು ಉಗುರು ಹುಟ್ಟುವ ಬುಡದವರೆಗೂ ಹೋಗುತ್ತವಂತೆ. ಹಾಗಾಗಿ ಅಲ್ಲಿ ಉರಿಯೂತ ಬಂದರೆ ಉಗುರು, ಕೀಲು ಎರಡಕ್ಕೂ ಏಟು. ಬಿಟ್ಟರೆ ಮೂಳೆ ಒಂದು ಕಡೆ ಸವೆಯುತ್ತದೆ, ಪಕ್ಕದಲ್ಲೇ ಹೊಸದಾಗಿಯೂ ಬೆಳೆಯುತ್ತದೆ. ತೀರಾ ಕೆಟ್ಟರೆ ಎಕ್ಸ್‌ರೇಯಲ್ಲಿ ಒಂದು ಮೂಳೆ ಪೆನ್ಸಿಲ್ ತುದಿಯಂತೆ ಚೂಪಾಗಿ, ಮುಂದಿನದು ಬಟ್ಟಲಿನಂತೆ ಕಾಣುತ್ತದೆ. ಎಲ್ಲರಿಗೂ ಹೀಗಾಗಲ್ಲ, ಹೆದರಬೇಡಿ. ಆದರೆ ಕೀಲುವಾತಕ್ಕೆ ಮಾಡುವ ರುಮಟಾಯ್ಡ್ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂತು ಅಂತ ಸುಮ್ನೆ ಕೂರಬೇಡಿ, ಸೋರಿಯಾಸಿಸ್ ಜೊತೆ ಬರುವ ಈ ಕೀಲುವಾತದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ವೇ.

ನನ್ನ ಎಕ್ಸ್‌ರೇಯಲ್ಲಿ ತುದಿ ಕೀಲಿನ ಹತ್ತಿರ ಸ್ವಲ್ಪ ಸವೆತ ಕಂಡಿತು. ತಕ್ಷಣ ರುಮಟಾಲಜಿಸ್ಟ್‌ಗೆ (ಕೀಲುವಾತದ ತಜ್ಞರಿಗೆ) ಪತ್ರ ಕೊಟ್ಟರು, ತಾವೇ ಎಳೆದಾಡಲಿಲ್ಲ. ಈಗ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ನಡೀತಿದೆ. ಅದು ವಾರಕ್ಕೆ ಒಂದೇ ದಿನ, ದಿನಾ ನುಂಗಿದರೆ ಅಪಾಯ. ಚೀಟಿಯಲ್ಲಿ 'ಭಾನುವಾರ ಮಾತ್ರ' ಅಂತ ಕನ್ನಡದಲ್ಲಿ ದಪ್ಪಗೆ ಬರೆದಿದ್ದಾರೆ, ಆ ಒಂದು ಸಾಲಿಗೇ ಅರ್ಧ ಸ್ಟಾರ್ ಕೊಡಬಹುದು. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವುದು, ಆದ್ದರಿಂದ ಫಲಿತಾಂಶಕ್ಕೆ 6 ತಿಂಗಳಾದರೂ ಕಾಯಬೇಕು ಅಂತ ಮೊದಲೇ ಹೇಳಿದರು. ಮ್ಯಾನಿಕ್ಯೂರ್‌ನಲ್ಲಿ ಉಗುರಿನ ಬುಡ ಕೆರೆಸಿಕೊಳ್ಳುವುದೂ ಬಂದ್, ಗಾಯವಾದ ಕಡೆ ಸೋರಿಯಾಸಿಸ್ ಜಾಸ್ತಿಯಾಗುತ್ತದೆ.

ಇನ್ನು ರಿಸೆಪ್ಷನ್. ಅಪಾಯಿಂಟ್‌ಮೆಂಟ್ ಅನ್ನೋದು ಹೆಸರಿಗೆ ಮಾತ್ರ. ಕೌಂಟರ್‌ನಲ್ಲಿ ಡಾಕ್ಟರು ಬರೆಯದ ನೇಲ್ ಸೀರಂ ಒಂದನ್ನು ಬಿಲ್ಲಿಗೆ ಸೇರಿಸಿದ್ದರು, ಕೇಳಿದ ಮೇಲೆ ತೆಗೆದರು. ಬಿಲ್ ಓದಿ ದುಡ್ಡು ಕೊಡಿ. ಎಕ್ಸ್‌ರೇ ಅಲ್ಲಿ ಇಲ್ಲ, ಹೊರಗೆ ಮಾಡಿಸಬೇಕು. ಪಾರ್ಕಿಂಗ್ ಕೇಳಲೇಬೇಡಿ, ಗ್ರೀನ್ ಲೈನ್ ಮೆಟ್ರೊ ಹಿಡಿದು ಜಯನಗರದಲ್ಲಿ ಇಳಿದು ಆಟೋ ಮಾಡಿ.