ಇಂದಿರಾ ಕ್ಯಾಂಟೀನ್: ಐದು ರೂಪಾಯಿಯ ತಿಂಡಿ ಬಿಟ್ಟಿ ಅಲ್ಲ

ಎರಡು ತಿಂಗಳಿಂದ ವಾರಕ್ಕೆ ಮೂರು ದಿನವಾದರೂ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುತ್ತಿದ್ದೇನೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಮೊದಲ ಸಲ ಹೋಗಿದ್ದು ಸುಮ್ನೆ ನೋಡೋಣ ಅಂತ. ಈಗ ರೂಢಿಯಾಗಿಬಿಟ್ಟಿದೆ.

ತಿಂಡಿಗೆ 5 ರೂಪಾಯಿ, ಊಟಕ್ಕೆ 10. 2017ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದ ರೇಟೇ ಇವತ್ತಿಗೂ ಇದೆ. ಟೋಕನ್ ತಗೊಂಡು ಸಾಲಿನಲ್ಲಿ ನಿಂತರೆ ಐದು ನಿಮಿಷದಲ್ಲಿ ತಟ್ಟೆ ಕೈಗೆ ಬರುತ್ತದೆ. ಇಡ್ಲಿ ಮೆತ್ತಗಿರುತ್ತದೆ, ಚಟ್ನಿ ಖಾರವಾಗಿರುತ್ತದೆ. ನನಗೆ ಇಷ್ಟ ಖಾರಾಬಾತ್. ಗೋಡಂಬಿ, ತುಪ್ಪ ಹುಡುಕಬೇಡಿ, ಅದು ಬೇರೆ ಹೋಟೆಲಿನ ಮಾತು. ಬಿಸಿಯಾಗಿರುತ್ತದೆ, ಹೊಟ್ಟೆ ತುಂಬುತ್ತದೆ, ಮಧ್ಯಾಹ್ನದವರೆಗೆ ತಡೆಯುತ್ತದೆ.

ಆದರೆ ಇದನ್ನು ಬರೆಯಲು ಕೂತಿದ್ದು ಖಾರಾಬಾತಿಗಾಗಿ ಅಲ್ಲ. ನಾನು ಅಲ್ಲಿ ತಿನ್ನುತ್ತೇನೆ ಅಂತ ಗೊತ್ತಾದಾಗ ಆಫೀಸಿನಲ್ಲಿ ಒಬ್ಬರು, "ಓ, ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಬಿಟ್ಟಿ ಊಟ" ಅಂದರು. ಆಗ ತಕ್ಷಣ ಉತ್ತರ ಹೊಳೆಯಲಿಲ್ಲ. ಮಾರನೇ ದಿನ ಕ್ಯಾಂಟೀನಿನಲ್ಲೇ ಹೊಳೆಯಿತು.

ನನ್ನ ಪಕ್ಕದಲ್ಲಿ ಯಾದಗಿರಿ ಕಡೆಯ ಒಬ್ಬರು ಗಾರೆ ಕೆಲಸದವರು ನಿಂತಿದ್ದರು. ಉಗುರಿನ ಸಂದಿಯಲ್ಲಿ ಒಣಗಿದ ಸಿಮೆಂಟು. ಒಂದು ಕೈಯಲ್ಲಿ ಇಡ್ಲಿ, ಇನ್ನೊಂದು ಕೈಯಲ್ಲಿ ಫೋನು. ರೀಚಾರ್ಜ್ ಆಗಿದೆಯಾ ನೋಡಿ ಅಂತ ಮೆಸೇಜ್ ತೋರಿಸಿದರು. 299 ರೂಪಾಯಿ ಆಗಿತ್ತು. ಊರಲ್ಲಿರುವ ಮಗಳ ಜೊತೆ ರಾತ್ರಿ ವಿಡಿಯೊ ಕಾಲ್ ಮಾಡಬೇಕಂತೆ.

ಆ 299ರಲ್ಲಿ ಶೇ. 18ರ ಜಿಎಸ್‌ಟಿ ಸೇರಿದೆ. ಲೆಕ್ಕ ಹಾಕಿದರೆ 45 ರೂಪಾಯಿಗಿಂತ ಜಾಸ್ತಿ. ಅಂದರೆ ಒಂದು ರೀಚಾರ್ಜಿನಲ್ಲೇ ಅವರು ಒಂಬತ್ತು ತಿಂಡಿಯ ದುಡ್ಡನ್ನು ತೆರಿಗೆಯಾಗಿ ಕಟ್ಟಿದ್ದಾರೆ, ಅದರಲ್ಲಿ ಅರ್ಧ ನಮ್ಮ ರಾಜ್ಯದ ಖಜಾನೆಗೇ ಬರುತ್ತದೆ. ಬಿಸ್ಕತ್ತು, ಸ್ನಾನದ ಸೋಪಿಗೂ 2025ರ ಸೆಪ್ಟೆಂಬರ್ 21ರವರೆಗೆ ಶೇ. 18 ಇತ್ತು, ಈಗ 5ಕ್ಕೆ ಇಳಿದಿದೆ. ಇಳಿದದ್ದು ನಿಜಕ್ಕೂ ಒಳ್ಳೆಯದಾಯಿತು. ಪೆಟ್ರೋಲಿಗೆ ಬೇರೆ ತೆರಿಗೆ. ಕೂಲಿ ಮುಗಿಸಿ ಒಂದು ಕ್ವಾರ್ಟರ್ ಕೊಂಡರೆ ಅದರ ಬೆಲೆಯಲ್ಲಿ ದೊಡ್ಡ ಪಾಲು ಅಬಕಾರಿ ಸುಂಕವೇ. ಇನ್ಕಮ್ ಟ್ಯಾಕ್ಸ್ ಕಟ್ಟುವವರು ಮಾತ್ರ ಟ್ಯಾಕ್ಸ್ ಕಟ್ಟುತ್ತಾರೆ ಅನ್ನೋದು ಎಷ್ಟು ದೊಡ್ಡ ತಪ್ಪು, ಅಲ್ವಾ?

ಇನ್ನೂ ಒಂದು ವಿಷಯ ಇದೆ. ಅದೇ ರೀಚಾರ್ಜ್ ಮಾಡಿಸಿದರೆ ತಿಂಗಳಿಗೆ ಎರಡು ಲಕ್ಷ ದುಡಿಯುವವರೂ ಅದೇ 45 ರೂಪಾಯಿ ಕೊಡುತ್ತಾರೆ. ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ದಿನಗೂಲಿಯವರಿಗೆ ಒಂದು ಹೊತ್ತಿನ ಪಲ್ಯ, ಮೊಟ್ಟೆ. ಹೀಗೆ ಸಾಮಾನಿನ ಮೇಲೆ ಹಾಕುವ ತೆರಿಗೆ ಬಡವರಿಗೇ ಹೆಚ್ಚು ಭಾರ.

ಮೇಲಿನವರ ಕಡೆ ನೋಡಿದರೆ ಬೇಜಾರಾಗುತ್ತದೆ. ಸತ್ತವರ ದೊಡ್ಡ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲೇ ತೆಗೆದರು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ತೆಗೆದರು. ವಸೂಲಾಗುತ್ತಿದ್ದದ್ದು ಕಡಿಮೆ ಅಂತ ಕಾರಣ ಕೊಟ್ಟರು, ಆದರೆ ವಸೂಲಿಯನ್ನು ಸರಿಮಾಡಬಹುದಿತ್ತಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ತೆರಿಗೆ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಅದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಟ್ಟ ಹಾಗಾಗುತ್ತದೆ ಅಂತ ಆಗ ಸರ್ಕಾರವೇ ಹೇಳಿತ್ತು. 2023-24ರ ಹೊತ್ತಿಗೆ ಕಂಪನಿಗಳು ಕಟ್ಟಿದ್ದಕ್ಕಿಂತ ಜನ ಕಟ್ಟಿದ ಆದಾಯ ತೆರಿಗೆಯೇ ಜಾಸ್ತಿಯಾಗಿತ್ತು. ಹಾಗಾಗಿ ನನ್ನ ಸಹೋದ್ಯೋಗಿಗೆ ತೆರಿಗೆ ಭಾರ ಅನ್ನಿಸಿದರೆ ಅದು ಸುಳ್ಳಲ್ಲ. ಆ ಭಾರ ಹಾಕಿದ್ದು ಮಾತ್ರ ಇಡ್ಲಿ ತಿನ್ನುವವರಲ್ಲ.

ಈ ಕ್ಯಾಂಟೀನ್ ನನಗೆ ಇಷ್ಟವಾಗಲು ಕಾರಣ ಇದೇ. ಇಲ್ಲಿ ತೆರಿಗೆ ಎಲ್ಲಿಗೆ ಹೋಯಿತು ಅಂತ ತಟ್ಟೆಯಲ್ಲೇ ಕಾಣುತ್ತದೆ. ಹೊರಗೆ ತಿಂಡಿಗೆ 50 ರೂಪಾಯಿ ಕೊಡುವ ಬದಲು ಇಲ್ಲಿ 5 ಕೊಟ್ಟರೆ ದಿನಕ್ಕೆ 45 ಉಳಿಯುತ್ತದೆ. ತಿಂಗಳಲ್ಲಿ 25 ದಿನ ಅಂದರೂ ಸಾವಿರಕ್ಕಿಂತ ಜಾಸ್ತಿ. ಆ ಗಾರೆಯವರು ಅದನ್ನು ಊರಿಗೆ ಕಳಿಸುತ್ತಾರಂತೆ, ಮಗಳ ಟ್ಯೂಷನ್‌ಗೆ. ಸಾಲಿನಲ್ಲಿ ಆಟೊದವರು, ಪೌರಕಾರ್ಮಿಕರು, ಪಿಜಿಯಲ್ಲಿರುವ ಹುಡುಗರು ಎಲ್ಲರೂ ಇರುತ್ತಾರೆ. ಯಾರನ್ನೂ ಕಾರ್ಡ್ ತೋರಿಸಿ ಅಂತ ಕೇಳುವುದಿಲ್ಲ. ಕೈ ಚಾಚಿದ ಹಾಗೆ ಅನ್ನಿಸುವುದೇ ಇಲ್ಲ. ಅದು ನನಗೆ ತುಂಬಾ ದೊಡ್ಡದು.

ಹೋಗುವವರು ಚಿಲ್ಲರೆ ಇಟ್ಟುಕೊಂಡು ಹೋಗಿ. ಎಂಟೂವರೆ ಒಳಗೆ ಹೋದರೆ ಸಾಲು ಚಿಕ್ಕದು, ಇಡ್ಲಿಯಲ್ಲಿ ಇನ್ನೂ ಹಬೆ ಆಡುತ್ತಿರುತ್ತದೆ.