ಫೀಲ್ಡ್ ಆ್ಯಪ್: ಒಲವುಗಳಿಗೆ ಪಟ್ಟಿಯಿದೆ, ಒಪ್ಪಂದಗಳಿಗೆ ಜಾಗ ಸಾಲದು

ಒಬ್ಬರಿಗಿಂತ ಹೆಚ್ಚು ಸಂಗಾತಿಗಳನ್ನು, ಎಲ್ಲರ ಅರಿವು ಮತ್ತು ಒಪ್ಪಿಗೆಯೊಂದಿಗೆ ಹೊಂದಲು ಬಯಸುವವರ ನಡುವೆ ಹೆಚ್ಚು ಬಳಕೆಯಲ್ಲಿರುವ ಡೇಟಿಂಗ್ ಆ್ಯಪ್‌ಗಳಲ್ಲಿ ಫೀಲ್ಡ್ ಒಂದು. ಡಿಮೊ ಟ್ರಿಫೊನೊವ್ ಮತ್ತು ಆನಾ ಕಿರೊವಾ ಎಂಬ ಜೋಡಿ 2014ರಲ್ಲಿ ಬೇರೊಂದು ಹೆಸರಿನಲ್ಲಿ ಇದನ್ನು ಆರಂಭಿಸಿದರು. ಟಿಂಡರ್ ಎಂಬ ಮತ್ತೊಂದು ಡೇಟಿಂಗ್ ಆ್ಯಪ್‌ನ ಕಂಪನಿ ಆ ಹೆಸರಿನ ಬಗ್ಗೆ ತಕರಾರು ತೆಗೆದ ಬಳಿಕ 2016ರಲ್ಲಿ ಅದು ಫೀಲ್ಡ್ ಆಯಿತು. ಜೋಡಿಯೊಂದು ಮೂರನೆಯವರನ್ನು ಹುಡುಕಿಕೊಳ್ಳಲು ನೆರವಾಗುವುದು ಮೊದಲ ಉದ್ದೇಶವಾಗಿತ್ತು. ಆ್ಯಪ್ ಈಗ ಅದನ್ನು ಮೀರಿ ಬಹಳ ದೂರ ಬಂದಿದೆಯಾದರೂ, ಜೋಡಿಯನ್ನೇ ನಡುವಿಗಿಟ್ಟು ಯೋಚಿಸುವ ಅಭ್ಯಾಸ ಅದನ್ನು ಪೂರ್ತಿ ಬಿಟ್ಟಿಲ್ಲ ಎಂಬುದು ನನ್ನ ಅನಿಸಿಕೆ.

ಮೊದಲು ಮೆಚ್ಚಬೇಕಾದುದನ್ನು ಹೇಳಬೇಕು. ಲಿಂಗ ಗುರುತು ಮತ್ತು ಲೈಂಗಿಕ ಒಲವನ್ನು ಸೂಚಿಸಲು ಇಲ್ಲಿ 20ಕ್ಕೂ ಹೆಚ್ಚು ಆಯ್ಕೆಗಳಿವೆ. ಬಯಕೆಗಳನ್ನು ಹೇಳಿಕೊಳ್ಳಲು ಪ್ರತ್ಯೇಕ ಪಟ್ಟಿಯೂ ಇದೆ. ಇದಕ್ಕಿಂತ ಮುಖ್ಯವಾದದ್ದು ಸಂಗಾತಿಯ ಪ್ರೊಫೈಲನ್ನು ತಮ್ಮದಕ್ಕೆ ಜೋಡಿಸುವ ಸೌಲಭ್ಯ. ‘ನನ್ನ ಹೆಂಡತಿಗೆ ಎಲ್ಲವೂ ಗೊತ್ತು’ ಎಂದು ಬರೆದುಕೊಳ್ಳುವುದು ಯಾರಿಗೂ ಕಷ್ಟವಲ್ಲ. ಆ ಹೆಂಡತಿಯೇ ತನ್ನ ಪ್ರೊಫೈಲಿನಿಂದ ಅದಕ್ಕೆ ಒಪ್ಪಿಗೆ ಕೊಟ್ಟು ಕಾಣಿಸಿಕೊಂಡಾಗ ಎದುರಿನವರ ಅನುಮಾನ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಓಕೆಕ್ಯುಪಿಡ್ ಎಂಬ ಡೇಟಿಂಗ್ ತಾಣ ಕೂಡ 2016ರಲ್ಲಿ ಇಂಥದೇ ಜೋಡಣೆಯನ್ನು ತಂದಿತ್ತು. ಹಿಂಜ್ ಮತ್ತು ಟಿಂಡರ್‌ನಂಥ ಸಾಮಾನ್ಯ ಡೇಟಿಂಗ್ ಆ್ಯಪ್‌ಗಳು ಸಹ ಈಗ ಬಳಕೆದಾರರು ಏಕಸಂಗಾತಿ ಸಂಬಂಧವನ್ನು ಬಯಸುತ್ತಾರೋ ಬಹುಸಂಗಾತಿ ಸಂಬಂಧವನ್ನೋ ಎಂಬುದನ್ನು ನಮೂದಿಸಲು ಬಿಡುತ್ತವೆ. ಆದರೆ ಅಲ್ಲಿ ಅದು ಎತ್ತರ, ಊರು, ಸಿಗರೇಟಿನ ಅಭ್ಯಾಸಗಳ ನಡುವೆ ಬರುವ ಇನ್ನೊಂದು ಸಾಲು ಮಾತ್ರ. ಫೀಲ್ಡ್‌ನಲ್ಲಿ ಇದೇ ಮುಖ್ಯ ವಿಷಯವಾದ್ದರಿಂದ ಮಾತುಕತೆ ವಿವರಣೆಯಿಂದಲೋ ಸಮರ್ಥನೆಯಿಂದಲೋ ಆರಂಭವಾಗಬೇಕಾಗಿಲ್ಲ. ಇದು ಸಣ್ಣ ಅನುಕೂಲವಲ್ಲ.

ತೊಡಕು ಇರುವುದು ಪಟ್ಟಿಯಲ್ಲಿನ ಒಂದೊಂದು ಆಯ್ಕೆಯೂ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಮುಚ್ಚುತ್ತದೆ ಎಂಬಲ್ಲಿ. ‘ಪಾಲಿ’ (ಪಾಲಿಅಮೊರಸ್, ಅಂದರೆ ಎಲ್ಲರ ಒಪ್ಪಿಗೆಯೊಂದಿಗೆ ಬಹುಸಂಗಾತಿ ಸಂಬಂಧ ಬಯಸುವವರು) ಎಂದು ಗುರುತಿಸಿಕೊಂಡ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಮದುವೆಯಾಗಿದೆ, ಮನೆಯ ಸಾಲ, ಮಕ್ಕಳು, ಭಾನುವಾರಗಳು ಎಲ್ಲವೂ ಆ ಮದುವೆಗೆ ಸೇರಿದ್ದು; ಹೊಸಬರಿಗೆ ವಾರದ ಒಂದು ಸಂಜೆ ಮೀಸಲು, ಮತ್ತು ಸಂಬಂಧ ಅತಿಯಾಯಿತು ಎನಿಸಿದರೆ ಅದನ್ನು ನಿಲ್ಲಿಸಲು ಹೇಳುವ ಹಕ್ಕು ಬಾಳಸಂಗಾತಿಗೆ ಇದೆ. ಇನ್ನೊಬ್ಬರು ಒಂಟಿಯಾಗಿ ವಾಸಿಸುತ್ತಾರೆ, ಯಾರೊಡನೆಯೂ ಮನೆ ಮಾಡುವ ಇಚ್ಛೆಯಿಲ್ಲ, ತಮ್ಮ ಯಾವ ಸಂಬಂಧವನ್ನೂ ಮತ್ತೊಂದಕ್ಕಿಂತ ಮೇಲಿಡುವುದಿಲ್ಲ. ಇಬ್ಬರದೂ ಪ್ರಾಮಾಣಿಕ ಆಯ್ಕೆಯೇ, ಇಬ್ಬರೂ ಒತ್ತುವ ಗುರುತೂ ಒಂದೇ. ಇವರಿಬ್ಬರು ಪರಸ್ಪರ ಭೇಟಿಯಾದರೆ ಮಾತ್ರ ಮೂರನೆಯ ಭೇಟಿಯ ಹೊತ್ತಿಗೆ ಒಬ್ಬರ ಮನಸ್ಸು ನೋಯುವುದು ಬಹುತೇಕ ಖಚಿತ.

ಇಷ್ಟೇ ಅಲ್ಲ. ಸಂಗಾತಿಯ ಸಂಗಾತಿಯನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳಬೇಕು ಎಂಬುದರಲ್ಲೇ ಅಜಗಜಾಂತರವಿರುತ್ತದೆ. ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುವಂತಿರಬೇಕು ಎನ್ನುವವರಿದ್ದಾರೆ. ಹೆಸರು ಗೊತ್ತಿದ್ದರೆ ಸಾಕು, ಮುಖ ನೋಡುವ ಅಗತ್ಯವಿಲ್ಲ ಎನ್ನುವವರಿದ್ದಾರೆ. ‘ನೀನು ಹೋಗು, ಆದರೆ ನನಗೇನೂ ಹೇಳಬೇಡ’ ಎಂಬ ಒಪ್ಪಂದದಲ್ಲಿ ನೆಮ್ಮದಿ ಕಂಡುಕೊಂಡವರೂ ಇದ್ದಾರೆ. ಈ ಕೊನೆಯ ಬಗೆಯ ಬಗ್ಗೆ ನನಗೆ ಅಳುಕಿದೆ, ಏಕೆಂದರೆ ಹೊರಗಿನವರಿಗೆ ಅದನ್ನೂ ಸಾಮಾನ್ಯ ವಂಚನೆಯನ್ನೂ ಬೇರ್ಪಡಿಸಿ ನೋಡಲು ಯಾವ ದಾರಿಯೂ ಇರುವುದಿಲ್ಲ. ಸಂಗಾತಿಯ ಪ್ರೊಫೈಲ್ ಜೋಡಿಸುವ ಸೌಲಭ್ಯವೂ ಇಲ್ಲಿ ಕೈಕೊಡುತ್ತದೆ: ತಿಳಿಯಲು ಇಚ್ಛಿಸದ ಸಂಗಾತಿ ಆ್ಯಪ್‌ಗೆ ಬರುವುದೇ ಇಲ್ಲ. ಇನ್ನು ಮೂವರೋ ನಾಲ್ವರೋ ತಮ್ಮೊಳಗೇ ನಿಷ್ಠರಾಗಿದ್ದು ಹೊರಗೆ ಯಾರನ್ನೂ ಬಯಸದ ಗುಂಪುಗಳಿಗೆ ಇಂಥ ಆ್ಯಪ್‌ನಿಂದ ಆಗಬೇಕಾದ್ದು ಕಡಿಮೆ.

ಪಟ್ಟಿ ಹೇಳದೆ ಬಿಟ್ಟದ್ದಕ್ಕೆ ಹೆಚ್ಚು ಬೆಲೆ ತೆರುವವರು ದ್ವಿಲಿಂಗಾಸಕ್ತ ಒಂಟಿ ಮಹಿಳೆಯರು. ‘ನಾವಿಬ್ಬರೂ ಸುಖಿ ದಂಪತಿ, ನಮ್ಮಿಬ್ಬರನ್ನೂ ಸಮಾನವಾಗಿ ಇಷ್ಟಪಡುವ ಒಬ್ಬಳನ್ನು ಹುಡುಕುತ್ತಿದ್ದೇವೆ’ ಎಂಬ ಧಾಟಿಯ ಪರಿಚಯವನ್ನು ಈ ವಲಯದಲ್ಲಿ ಓಡಾಡಿದವರೆಲ್ಲ ಓದಿರುತ್ತಾರೆ. ಆ ವಾಕ್ಯದಲ್ಲಿ ಬರುವವಳ ಕರ್ತವ್ಯ ಸ್ಪಷ್ಟವಾಗಿದೆ. ಜಗಳವಾದ ದಿನ ಮೊದಲು ಹೊರಹೋಗಬೇಕಾದವರು ಯಾರು ಎಂಬುದೂ ಸ್ಪಷ್ಟವಾಗಿಯೇ ಇದೆ, ಬರೆದಿಲ್ಲ ಅಷ್ಟೆ. ಇಂಥ ದಂಪತಿಗಳನ್ನು ಆ್ಯಪ್ ಸೃಷ್ಟಿಸಲಿಲ್ಲ, ನಿಜ. ಆದರೆ ‘ಹೊಸಬರಿಗೆ ಎಷ್ಟು ಸಮಯ ಕೊಡಬಲ್ಲಿರಿ’, ‘ನಿಮ್ಮ ಸಂಬಂಧವನ್ನು ನಿಲ್ಲಿಸುವ ಹಕ್ಕು ಬೇರೆಯವರಿಗಿದೆಯೇ’, ‘ರಕ್ಷಣಾ ಸಾಧನ ಮತ್ತು ಲೈಂಗಿಕ ಸೋಂಕಿನ ತಪಾಸಣೆಯ ಬಗ್ಗೆ ನಿಮ್ಮ ನಿಯಮವೇನು’ ಎಂಬ ಮೂರು ಪ್ರಶ್ನೆಗಳು ಪ್ರತಿ ಪ್ರೊಫೈಲಿನಲ್ಲೂ ಎದ್ದು ಕಾಣುವಂತಿದ್ದರೆ, ಇನ್ನೂ ಹತ್ತು ಬಗೆಯ ಬಯಕೆಗಳನ್ನು ಪಟ್ಟಿಗೆ ಸೇರಿಸುವುದಕ್ಕಿಂತ ಹೆಚ್ಚು ಉಪಕಾರವಾಗುತ್ತಿತ್ತು.

ತಾಂತ್ರಿಕವಾಗಿ ಫೀಲ್ಡ್‌ನ ದಾಖಲೆ ಸಮಾಧಾನಕರವಲ್ಲ. 2023ರ ಕೊನೆಯಲ್ಲಿ ಆ್ಯಪನ್ನು ಹೊಸದಾಗಿ ಕಟ್ಟಿ ಬಿಡುಗಡೆ ಮಾಡಿದಾಗ ಅನೇಕ ಬಳಕೆದಾರರಿಗೆ ಒಳಹೋಗುವುದೇ ಕಷ್ಟವಾಯಿತು. 2024ರಲ್ಲಿ ಭದ್ರತಾ ಸಂಶೋಧಕರು, ಬೇರೆಯವರ ಖಾಸಗಿ ಸಂದೇಶ ಮತ್ತು ಚಿತ್ರಗಳನ್ನು ಹೊರಗಿನವರು ತಲುಪಬಹುದಾಗಿದ್ದ ಲೋಪಗಳನ್ನು ಪ್ರಕಟಿಸಿದರು. ಅವನ್ನು ಸರಿಪಡಿಸಲಾಗಿದೆ ಎಂದು ಕಂಪನಿ ತಿಳಿಸಿತು. ಸಾಮಾನ್ಯ ಡೇಟಿಂಗ್ ಆ್ಯಪ್‌ನಲ್ಲಿ ಇಂಥ ಸೋರಿಕೆ ಮುಜುಗರ ತರಬಹುದು. ಇಲ್ಲಿ ಅದು ಕೆಲಸವನ್ನೋ, ಮಕ್ಕಳ ಪಾಲನೆಯ ಹಕ್ಕನ್ನೋ ಕಸಿದುಕೊಳ್ಳಬಹುದು, ಏಕೆಂದರೆ ಇಂಥ ಸಂಬಂಧಗಳಿಗೆ ಕಾನೂನಿನ ಮನ್ನಣೆ ಕೊಟ್ಟಿರುವ ಜಾಗಗಳು ಬೆರಳೆಣಿಕೆಯಷ್ಟು; ಅಮೆರಿಕದ ಸೋಮರ್‌ವಿಲ್ ನಗರ 2020ರಲ್ಲಿ ಇಬ್ಬರಿಗಿಂತ ಹೆಚ್ಚು ಜನರ ಸಹಜೀವನವನ್ನು ನೋಂದಾಯಿಸಲು ಅವಕಾಶ ನೀಡಿದ್ದೇ ದೊಡ್ಡ ಸುದ್ದಿಯಾಗಿತ್ತು. ನಿಜಹೆಸರನ್ನೂ ಇತರ ಜಾಲತಾಣಗಳಲ್ಲಿ ಹಾಕಿದ ಚಿತ್ರಗಳನ್ನೂ ಇಲ್ಲಿ ಬಳಸದಿರುವುದು ಒಳ್ಳೆಯದು.

ಹಣ ಕೊಟ್ಟು ಪಡೆಯುವ ಸದಸ್ಯತ್ವವನ್ನು ಮೊದಲ ದಿನವೇ ಕೊಳ್ಳುವ ಅಗತ್ಯ ಕಾಣುವುದಿಲ್ಲ. ಪರಿಚಯ, ಹುಡುಕಾಟ, ಮಾತುಕತೆ ಎಲ್ಲವೂ ಉಚಿತ ಆವೃತ್ತಿಯಲ್ಲೇ ಸಾಧ್ಯ. ಖರ್ಚಿಗಿಂತ ಹೆಚ್ಚು ಯೋಚನೆ ಬೇಕಾಗಿರುವುದು ಪರಿಚಯ ಬರೆಯುವ ಖಾಲಿ ಜಾಗಕ್ಕೆ. ಪ್ರವಾಸ ಮತ್ತು ಸಿನಿಮಾಗಳ ಪ್ರೀತಿಯನ್ನು ಆಮೇಲೆ ಹೇಳಬಹುದು. ವಾರದಲ್ಲಿ ಯಾವ ಸಂಜೆಗಳು ನಿಜವಾಗಿ ಬಿಡುವಿವೆ, ಮನೆಯಲ್ಲಿ ಯಾರಿಗೆ ಏನು ಗೊತ್ತಿದೆ, ಯಾವುದಕ್ಕೆ ಯಾರ ಒಪ್ಪಿಗೆ ಬೇಕು ಎಂಬುದನ್ನು ಮಾತ್ರ ಅಲ್ಲಿಯೇ, ಮೊದಲ ಮೂರು ಸಾಲುಗಳಲ್ಲಿ ಬರೆಯುವುದು ಲೇಸು.