ಸೋಲ್‌ನಲ್ಲಿ ಹಂದಿ ಸುಡುವ ನಾಲ್ಕು ಬಗೆ: ಇಕ್ಕಳ ಯಾರ ಕೈಯಲ್ಲಿ?

ಐದು ದಿನಕ್ಕೆ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಬರುತ್ತೇನೆ ಅಂತ ಫೋನ್ ಮಾಡಿದ ಭಾವ ಅರಮನೆ, ಗೋಪುರ ಯಾವುದನ್ನೂ ಕೇಳಲಿಲ್ಲ. "ಮೇಜಿನ ಮೇಲೇ ಮಾಂಸ ಸುಟ್ಕೊಂಡು ತಿಂತಾರಲ್ಲ, ಅಲ್ಲಿಗೆ ಕರ್ಕೊಂಡು ಹೋಗು ಮಾರಾಯ" ಅಂದರು. ನಾವು ಮಡಿಕೇರಿ ಕಡೆಯವರು. ಕಾಚಂಪುಳಿ ಹಾಕಿದ ಪಂದಿಕರಿ ತಿಂದು ಬೆಳೆದ ನಾಲಿಗೆ. ಹಂದಿ ಮಾಂಸದ ವಿಷಯದಲ್ಲಿ ಭಾವನಿಗೆ ಏನೋ ಒಂದು ತಿನ್ನಿಸಿ, ಇದೇ ಚೆನ್ನಾಗಿರೋದು ಅಂತ ನಂಬಿಸಲು ಸಾಧ್ಯವಿಲ್ಲ.

ಸೋಲ್‌ನಲ್ಲಿ ಇಂಥ ಅಂಗಡಿ ಸಿಗುವುದು ಕಷ್ಟವಲ್ಲ, ಒಂದನ್ನು ಆರಿಸುವುದು ಕಷ್ಟ. ಸಂಜೆ ಹೊತ್ತು ಬಹಳಷ್ಟು ಮೆಟ್ರೋ ಸ್ಟೇಷನ್‌ಗಳ ಮೆಟ್ಟಿಲು ಹತ್ತಿದರೆ ಸಾಕು, ವಾಸನೆಯೇ ದಾರಿ ತೋರಿಸುತ್ತದೆ. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಇಲ್ಲಿಯವರ ಮ್ಯಾಪ್ ಆ್ಯಪ್ ಆದ ನೇವರ್ ಮ್ಯಾಪ್ ತೆಗೆದು, ಮಾಂಸದ ಫೋಟೋ ನೋಡಿ, ಚೆಂದ ಕಂಡ ಕಡೆ ಹೋಗುತ್ತಿದ್ದೆ. ಈಗ ಫೋಟೋದಲ್ಲಿ ಮಾಂಸ ನೋಡುವುದೇ ಇಲ್ಲ. ಬೆಂಕಿ ಯಾವುದು ಅಂತ ನೋಡುತ್ತೇನೆ, ಗ್ಯಾಸೋ ಇದ್ದಿಲೋ. ಆಮೇಲೆ ಇಕ್ಕಳ ಹಿಡಿದ ಕೈ ಯಾರದು ಅಂತ ನೋಡುತ್ತೇನೆ, ಗಿರಾಕಿಯದೋ ಅಂಗಡಿಯವರದೋ. ಈ ಎರಡು ಗೊತ್ತಾದರೆ ಊಟ ಹೇಗಿರುತ್ತದೆ ಅಂತ ಮುಕ್ಕಾಲು ಪಾಲು ಹೇಳಿಬಿಡಬಹುದು.

ಒಂದು ಮಾತು ಮೊದಲೇ. ನಮ್ಮ ಮನೆಯಲ್ಲಿ ದನದ ಮಾಂಸ ತಿನ್ನುವುದಿಲ್ಲ. ಹಾಗಾಗಿ ಹಾನ್ವೂ ಅನ್ನುವ ಇಲ್ಲಿನ ದುಬಾರಿ ದನದ ಮಾಂಸ, ಅದಕ್ಕೇ ಹೆಸರಾದ ಮಾಜಾಂಗ್‌ದೋಂಗ್ ಮಾರುಕಟ್ಟೆ, ಇವೆರಡನ್ನೂ ಬಿಟ್ಟಿದ್ದೇನೆ. ನಿಮ್ಮದೂ ಇದೇ ಕಥೆಯಾದರೆ ಎರಡು ಪದ ಕಲಿತುಕೊಳ್ಳಿ: ದ್ವೆಜಿಗೋಗಿ ಅಂದರೆ ಹಂದಿ ಮಾಂಸ, ಸೋಗೋಗಿ ಅಂದರೆ ದನದ್ದು.

ಮೊದಲ ರಾತ್ರಿ ಹೋಂಗ್‌ದೆ. ಕಾಲೇಜು ಹುಡುಗರ ಏರಿಯಾ. ಅಲ್ಲಿ ಮುಹಾನ್ ರಿಫಿಲ್ ಅಂಗಡಿಗಳು ಸಾಲುಸಾಲು. ಮುಹಾನ್ ಅಂದರೆ ಮಿತಿ ಇಲ್ಲದ್ದು. ತಲೆಗೆ ಇಷ್ಟು ಅಂತ ಕೊಟ್ಟು ಎಷ್ಟು ಬೇಕಾದರೂ ತಿನ್ನಬಹುದು. ನಾವು ಹೋದ ಕಡೆ ತಲೆಗೆ 18,900 ವಾನ್. ಸಾವಿರ ವಾನ್ ಅಂದರೆ ನಮ್ಮ ಅರವತ್ತು ರೂಪಾಯಿ ಆಸುಪಾಸು, ಲೆಕ್ಕ ಹಾಕಿಕೊಳ್ಳಿ. ಸೋಲ್‌ನ ಮಾಮೂಲಿ ಅಂಗಡಿಗಳಲ್ಲಿ 200 ಗ್ರಾಂ ಸಮ್‌ಗ್ಯೊಪ್‌ಸಾಲ್, ಅಂದರೆ ಹಂದಿಯ ಹೊಟ್ಟೆ ಭಾಗದ ಮಾಂಸದ ಸರಾಸರಿ ಬೆಲೆ 2024ರಲ್ಲೇ 20,000 ವಾನ್ ದಾಟಿತ್ತು. ಆ ಲೆಕ್ಕದಲ್ಲಿ ಇದು ಅಗ್ಗವೇ.

ಬೆಂಕಿ ಗ್ಯಾಸು, ಇಕ್ಕಳ ನಮ್ಮದೇ. ಮಾಂಸ ಫ್ರೀಜ್ ಮಾಡಿದ್ದು. ಗೋಡೆಯ ಬೋರ್ಡಿನಲ್ಲಿ ಸ್ಪೇನ್ ಅಂತ ಬರೆದಿತ್ತು. ಮಾಂಸ ಯಾವ ದೇಶದ್ದು ಅಂತ ಇಲ್ಲಿ ಪ್ರತಿ ಅಂಗಡಿಯೂ ಬರೆಯಲೇಬೇಕು, ಅದು ಕಾನೂನು. ಕಬ್ಬಿಣದ ಕಾವಲಿಯನ್ನು ಒಂದು ಕಡೆಗೆ ಓರೆ ಇಟ್ಟಿರುತ್ತಾರೆ. ಕರಗಿದ ನೆಣ ಇಳಿದು ತೂತಿನಿಂದ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಆ ಇಳಿಜಾರಿನ ಕೊನೆಯಲ್ಲಿ ಕಿಮ್ಚಿ, ಅಂದರೆ ಖಾರ ಹಾಕಿ ಹುದುಗಿಸಿದ ಎಲೆಕೋಸು, ಹರಡಿದರೆ, ದಾರಿಯಲ್ಲಿ ಬರುವ ನೆಣವನ್ನೆಲ್ಲ ಅದು ಕುಡಿದು ಅಂಚು ಕಪ್ಪಾಗುವ ತನಕ ಹುರಿಯುತ್ತದೆ. ನಿಜ ಹೇಳಬೇಕೆಂದರೆ ಅವತ್ತು ಮಾಂಸಕ್ಕಿಂತ ಆ ಕಿಮ್ಚಿಯೇ ಚೆನ್ನಾಗಿತ್ತು. ಮಾಂಸ ನೀರು ಬಿಟ್ಟುಕೊಂಡು ಸುಡುವುದರ ಬದಲು ಬೆಂದಿತು.

ಮಿತಿ ಇಲ್ಲ ಅಂದರೂ ಮಿತಿ ಇದೆ. ನೂರು ನಿಮಿಷ ಕಳೆದರೆ ಏಳಬೇಕು. ತಟ್ಟೆಯಲ್ಲಿ ಬಿಟ್ಟರೆ ದಂಡ. ಭಾವ ಮಾಂಸ ತರಲು ಎರಡನೇ ಸಲ ಎದ್ದು ಹೋದಾಗ ಮದುವೆ ಮನೆಯಲ್ಲಿ ಬಡಿಸುವವರ ಹಾಗೆ ತಟ್ಟೆ ತುಂಬಿಕೊಂಡು ಬಂದರು. ಅರ್ಧ ಉಳಿಯಿತು. ಹುಡುಗನೊಬ್ಬ ಬಂದು ನಯವಾಗಿ ಬಗ್ಗಿ ಗೋಡೆಯ ಬೋರ್ಡು ತೋರಿಸಿದ. ಐದು ಸಾವಿರ ವಾನ್ ಜಾಸ್ತಿ. "ಊರಲ್ಲಿ ಎಲೆಯಲ್ಲಿ ಬಿಟ್ರೆ ಅಜ್ಜಿ ಬೈತಿದ್ರು. ಇವ್ರು ಬಿಲ್ ಕೊಡ್ತಾರೆ" ಅಂದರು ಭಾವ. ಮೇಲಿನ ಹೊಗೆ ಕೊಳವೆ ಸರಿಯಾಗಿ ಎಳೆಯುತ್ತಲೂ ಇರಲಿಲ್ಲ. ಭಾವನ ಜಾಕೆಟ್ ಎರಡು ದಿನ ನನ್ನ ಬಾಲ್ಕನಿಯಲ್ಲಿ ನೇತಾಡಿತು.

ಎರಡನೇ ರಾತ್ರಿ ಮಾಪೊ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದೆ ಹಾನ್ ನದಿಯ ದೋಣಿ ಬಂದು ನಿಲ್ಲುತ್ತಿದ್ದ ಜಾಗ. ಈಗ ಗೋಂಗ್‌ದೊಕ್ ಸ್ಟೇಷನ್ ಸುತ್ತ ಆಫೀಸುಗಳು. ಇಲ್ಲಿಯ ಹೆಸರುವಾಸಿ ಐಟಂ ದ್ವೆಜಿ ಗಾಲ್ಬಿ, ಅಂದರೆ ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ, ಹಣ್ಣಿನ ರಸದಲ್ಲಿ ನೆನೆಸಿದ ಹಂದಿ ಪಕ್ಕೆಲುಬು. ಬೆಂಕಿ ಇದ್ದಿಲು, ಇಕ್ಕಳ ಅರ್ಧ ನಮ್ಮದು ಅರ್ಧ ಅವರದು. ಸಕ್ಕರೆ ಇರುವುದರಿಂದ ನಿಮಿಷಕ್ಕೊಮ್ಮೆ ತಿರುವದಿದ್ದರೆ ಕರಕಲು. ನಮ್ಮ ಜಾಲರಿಯನ್ನು ಮೂರು ಸಲ ಬದಲಿಸಿದರು. ಚೆನ್ನಾಗಿಲ್ಲ ಅಂತಲ್ಲ. ಮಕ್ಕಳಿದ್ದರೆ ಕಣ್ಣು ಮುಚ್ಚಿ ಇಲ್ಲಿಗೇ ಕರೆದುಕೊಂಡು ಹೋಗಬಹುದು. ಖಾರಕ್ಕೆ ಹುಟ್ಟಿದ ಭಾವ ಮಾತ್ರ "ಮಾಂಸಕ್ಕೆ ಬೆಲ್ಲ ಹಾಕಿದ್ಯಾರು?" ಅಂತ ಎರಡು ಸಲ ಕೇಳಿದರು.

ಇನ್ನೊಂದು ವಿಷಯ. ಸಿಹಿ ಮಾಂಸ ತಿಂದ ಮೇಲೆ ಇಲ್ಲಿಯವರು ನೆಂಗ್‌ಮ್ಯೊನ್ ಅನ್ನುವ ತಣ್ಣನೆಯ ನೂಡಲ್ಸ್ ತರಿಸುತ್ತಾರೆ. ಐಸ್ ತೇಲುವ ಆ ಸಾರು ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಆದರೆ ಆ ಸಾರು ಸಾಮಾನ್ಯವಾಗಿ ದನದ ಮಾಂಸದ್ದು. ನನಗೆ ಇದು ಗೊತ್ತಾಗುವಷ್ಟರಲ್ಲಿ ಎರಡು ಬೇಸಿಗೆ ಕಳೆದಿದ್ದವು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಮೂರನೇ ರಾತ್ರಿ ಜೆಜು ಹಂದಿ. ಜೆಜು ಕೊರಿಯಾದ ದಕ್ಷಿಣದಲ್ಲಿರುವ ದ್ವೀಪ. ಅಲ್ಲಿಯ ಕಪ್ಪು ಹಂದಿಗೆ ದೇಶವೆಲ್ಲ ಹೆಸರು. ಶುದ್ಧ ತಳಿಯನ್ನು 2015ರಲ್ಲಿ ಸರ್ಕಾರ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿ ಕಾಪಾಡಿಕೊಂಡಿದೆ. ಹೋಟೆಲಿಗೆ ಬರುವುದು ಅದಲ್ಲ, ಮಿಶ್ರ ತಳಿ. ರುಚಿಗೆ ಅದರಿಂದ ಏನೂ ಕಮ್ಮಿಯಿಲ್ಲ. ಸೋಲ್‌ನಲ್ಲಿ ಇದನ್ನೇ ಮಾರುವ ಅಂಗಡಿಗಳು ಬೇಕಾದಷ್ಟಿವೆ. ನಾವು ಹೋದ ಕಡೆ ಬಾಗಿಲಲ್ಲೇ ಟ್ಯಾಬ್‌ನಲ್ಲಿ ನಂಬರ್ ಒತ್ತಿ, ಫೋನಿಗೆ ಮೆಸೇಜ್ ಬರುವ ತನಕ ಐವತ್ತು ನಿಮಿಷ ಬೀದಿ ಸುತ್ತಿದೆವು. 180 ಗ್ರಾಂಗೆ 22,000 ವಾನ್. ಮೊದಲ ಆರ್ಡರ್ ಇಬ್ಬರ ಪಾಲಿಗಿಂತ ಕಮ್ಮಿ ಕೊಡುವುದಿಲ್ಲ. ಈ ನಿಯಮ ಹೆಚ್ಚುಕಮ್ಮಿ ಎಲ್ಲ ಕಡೆ ಇದೆ. ಒಬ್ಬರೇ ಹೋದರೆ ಎಷ್ಟೋ ಅಂಗಡಿಯಲ್ಲಿ ಕೂರಿಸುವುದೇ ಇಲ್ಲ.

ಇಲ್ಲಿ ನಾವು ತೆಗೆದುಕೊಂಡದ್ದು ಒಗ್ಯೊಪ್‌ಸಾಲ್. ಸಮ್ ಅಂದರೆ ಮೂರು, ಗ್ಯೊಪ್ ಅಂದರೆ ಪದರ, ಸಾಲ್ ಅಂದರೆ ಮಾಂಸ. ಮಾಂಸ, ನೆಣ ಪದರ ಪದರವಾಗಿರುವ ಹೊಟ್ಟೆಯ ಭಾಗ ಸಮ್‌ಗ್ಯೊಪ್‌ಸಾಲ್. ಅದನ್ನೇ ತೊಗಲು ತೆಗೆಯದೆ ಕೊಟ್ಟರೆ ಐದು ಪದರದ ಒಗ್ಯೊಪ್‌ಸಾಲ್. ಭಾವನ ಮುಖ ಅರಳಿದ್ದು ಇಲ್ಲೇ. ತೊಗಲಿಲ್ಲದ ಹಂದಿ ನಮ್ಮ ಕಡೆ ಯಾರಿಗೆ ಬೇಕು?

ಬೆಂಕಿ ಇದ್ದಿಲು. ಇಕ್ಕಳ ಪೂರ್ತಿ ಅವರದು. ಎರಡು ಬೆರಳು ದಪ್ಪದ ತುಂಡು ತಂದ ಹುಡುಗಿ, ಮೊದಲು ಪಿಸ್ತೂಲಿನಂಥ ಥರ್ಮಾಮೀಟರನ್ನು ಜಾಲರಿಗೆ ಹಿಡಿದು ಕಾವು ನೋಡಿದಳು. ಸಾಕಾಗಲಿಲ್ಲ ಅಂತ ಕಾಣುತ್ತದೆ, ತಟ್ಟೆ ಹಾಗೇ ಹಿಡಿದು ನಿಂತಳು. ಮತ್ತೆ ನೋಡಿದಳು. ಆಮೇಲೆ ತೊಗಲಿನ ಕಡೆ ಕೆಳಗೆ ಮಾಡಿ ಒತ್ತಿ ನಿಲ್ಲಿಸಿದಳು. ತೊಗಲು ಉಬ್ಬಿ ಚಟಪಟ ಅಂದ ಮೇಲೆ ಪಕ್ಕ ತಿರುವಿ, ಬಣ್ಣ ಬಂದಾಗ ಕತ್ತರಿಯಲ್ಲಿ ಗೇಣುದ್ದದ ಪಟ್ಟಿ, ಆಮೇಲೆ ಗೋಡಂಬಿ ಬರ್ಫಿ ಅಳತೆಯ ತುಂಡು. ಆ ತುಂಡುಗಳನ್ನು ಮತ್ತೆ ನಾಲ್ಕೂ ಮಗ್ಗುಲು ಸುಟ್ಟು, ನಮ್ಮಿಬ್ಬರ ಮುಂದೆ ಒಂದೊಂದು ಇಟ್ಟು, ಮೊದಲನೆಯದನ್ನು ಬರೀ ಉಪ್ಪಿನ ಜೊತೆ ತಿನ್ನಿ ಅಂದಳು. ಎರಡನೆಯದು ಮೆಲ್‌ಜೊತ್ ಜೊತೆ. ಅದು ಜೆಜುವಿನ ಸಾಸ್, ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಮೀನಿನದು. ಜಾಲರಿಯ ಮೂಲೆಯಲ್ಲೇ ಚಿಕ್ಕ ಬಟ್ಟಲಲ್ಲಿ ಕುದಿಯುತ್ತಿರುತ್ತದೆ. ಒಣಮೀನಿನ ವಾಸನೆಗೆ ಮೂಗು ಮುರಿಯುವವರಿಗೆ ಕಷ್ಟ. ನಮಗೆ ತವರಿಗೆ ಹೋದ ಹಾಗಾಯಿತು.

ರುಚಿಯಲ್ಲಿ ನಾಲ್ಕರಲ್ಲೂ ಇದೇ ಮೊದಲು. ಹೊರಗೆ ಕುರುಕು, ಒಳಗೆ ರಸ. ಮೂರು ವರ್ಷದಲ್ಲಿ ನಾನು ಒಂದು ದಿನವೂ ಹೀಗೆ ಸುಟ್ಟಿಲ್ಲ. ಆದರೆ ಭಾವ ಅರ್ಧ ಗಂಟೆ ಕೈ ಕಟ್ಟಿ ಕೂತಿದ್ದರು. ಒಂದು ಸಲ ಸುಮ್ನೆ ಇಕ್ಕಳದ ಕಡೆ ಕೈ ಹೋಯಿತು. ಹುಡುಗಿ ನಕ್ಕು, "ನಾನು ಮಾಡ್ತೀನಿ" ಅಂತ ತನ್ನ ಭಾಷೆಯಲ್ಲಿ ಹೇಳಿ, ಇಕ್ಕಳ ಆಚೆ ಸರಿಸಿದಳು. ಭಾವ ನನ್ನ ಕಡೆ ತಿರುಗಿ, "ಇದು ದೊಡ್ಡಾಸ್ಪತ್ರೆ ಆಪರೇಷನ್ ಥರ ಆಯ್ತಲ್ಲ" ಅಂದರು. ಕೊನೆಗೆ ದ್ವೆಂಜಾಂಗ್ ಜಿಗೆ ಬಂತು, ಹುದುಗಿಸಿದ ಸೋಯಾದ ಕುದಿಯುವ ಸಾರು. ಜಿಗೆ ಅಂದ ತಕ್ಷಣ ಭಾವ ಮಜ್ಜಿಗೆ ಅಂದುಕೊಂಡಿದ್ದರು. ಇದಕ್ಕೂ ಕೆಲವು ಕಡೆ ದನದ ಮಾಂಸ ಹಾಕುತ್ತಾರೆ, ಕೇಳಿಯೇ ತರಿಸಿ.

ನಾಲ್ಕನೇ ರಾತ್ರಿ ಜೋಂಗ್ನೊ 3-ಗಾ. ಸ್ಟೇಷನ್‌ನ ಆರನೇ ಗೇಟಿನ ಬಳಿ, ಇಕ್‌ಸೊನ್‌ದೋಂಗ್‌ನ ಹಳೇ ಹೆಂಚಿನ ಮನೆಗಳ ಪಕ್ಕದಲ್ಲೇ ಒಂದು ಗಲ್ಲಿ. ಕತ್ತಲಾಗುತ್ತಿದ್ದ ಹಾಗೆ ಬೀದಿಗೇ ದುಂಡು ಮೇಜು, ಪ್ಲಾಸ್ಟಿಕ್ ಸ್ಟೂಲ್ ಬರುತ್ತವೆ. ಇಲ್ಲಿಯ ಮಾಂಸ ಗಲ್ಮೆಗಿಸಾಲ್. ಗಲ್ಮೆಗಿ ಅಂದರೆ ಕಡಲ ಹಕ್ಕಿ, ಆದರೆ ಹಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಹಂದಿಯ ಎದೆ ಮತ್ತು ಹೊಟ್ಟೆಯ ನಡುವಿನ ಪೊರೆಗೆ ಅಂಟಿರುವ ಮಾಂಸ ಇದು. ಪೊರೆಯ ಹೆಸರೇ ಬಾಯಿಂದ ಬಾಯಿಗೆ ಹೋಗುತ್ತಾ ಹಕ್ಕಿಯಾಯಿತು ಅನ್ನುತ್ತಾರೆ. ಒಂದು ಹಂದಿಯಲ್ಲಿ ಸಿಗುವುದೇ ಸ್ವಲ್ಪ. ಗಾಢ ಕೆಂಪು, ನೆಣ ಕಮ್ಮಿ, ಅಗಿಯಲು ಬೇಕಾದಷ್ಟು ಇರುತ್ತದೆ. ಜೆಜು ಹಂದಿಗಿಂತ ನಾಲ್ಕೈದು ಸಾವಿರ ವಾನ್ ಕಮ್ಮಿ.

ಗಂಡಸೊಬ್ಬ ಕಬ್ಬಿಣದ ಕೊಕ್ಕೆಯಲ್ಲಿ ಕೆಂಡದ ಕುಂಡ ತಂದು ಮೇಜಿನ ಗುಂಡಿಗೆ ಇಳಿಸಿ ಹೋದ. ಹೊಗೆ ಎಳೆಯಲು ಕೊಳವೆಯೂ ಇಲ್ಲ, ಆಕಾಶವೇ ಕೊಳವೆ. ಜಾಕೆಟ್‌ಗೆ ದೊಡ್ಡ ಪ್ಲಾಸ್ಟಿಕ್ ಚೀಲ ಕೊಟ್ಟರು. ಇಕ್ಕಳ, ಕತ್ತರಿ ಎರಡೂ ಭಾವನ ಮುಂದೆ ಇಟ್ಟರು, ನನ್ನ ಮುಂದಲ್ಲ. ಯಾರು ಸುಡುವವರು ಅಂತ ಮುಖ ನೋಡಿಯೇ ಗೊತ್ತಾಗುತ್ತದೋ ಏನೋ. ಭಾವ ತೋಳು ಮಡಚಿದರು. ನೆಣ ಕಮ್ಮಿ ಇರುವ ಮಾಂಸ, ಒಂದು ಗಳಿಗೆ ಮರೆತರೆ ಬಾರುಕೋಲು. ಮೊದಲ ತಟ್ಟೆ ಹಾಗೇ ಆಯಿತು. ಎರಡನೆಯದರಲ್ಲಿ ಕೈ ಕುದುರಿತು.

ಮಾಂಸ ಸುತ್ತಿ ತಿನ್ನುವ ಎಲೆಗಳ ಬಗ್ಗೆ ಇಲ್ಲಿ ಹೇಳಬೇಕು. ಸೊಪ್ಪು ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ರುಚಿ ಹತ್ತಿದ್ದು ಈ ಗಲ್ಲಿಯಲ್ಲಿ. ಅಂಗೈಯಲ್ಲಿ ಲೆಟ್ಯೂಸ್, ಅದರ ಮೇಲೆ ಕೆನ್ನಿಪ್ ಅನ್ನುವ ಘಾಟು ಎಲೆ, ಒಂದು ತುಂಡು ಮಾಂಸ, ಚೂರು ಸ್ಸಮ್‌ಜಾಂಗ್ ಅನ್ನುವ ಹುದುಗಿಸಿದ ಸೋಯಾದ ಖಾರ ಚಟ್ನಿ, ಹಸಿ ಬೆಳ್ಳುಳ್ಳಿ, ಹಸಿಮೆಣಸು. ಮಡಚಿ ಒಂದೇ ಬಾಯಿಗೆ ಹಾಕಬೇಕು, ಕಚ್ಚಿ ತಿನ್ನುವ ಹಾಗಿಲ್ಲ. ಭಾವನಿಗೆ ಯಾರೂ ಕಲಿಸಬೇಕಾಗಲಿಲ್ಲ. ಕವಳ ಹಾಕುವ ಕೈ ಅದು. ಪಕ್ಕದ ಮೇಜಿನ ಮುದುಕರು ನೋಡಿ ಮೆಚ್ಚಿ, ಎರಡೂ ಕೈಯಲ್ಲಿ ಬಾಟಲಿ ಹಿಡಿದು ಸೋಜು ಅನ್ನುವ ಇಲ್ಲಿನ ಮದ್ಯ ಬಗ್ಗಿಸಿದರು.

ತೊಂದರೆ ಇಲ್ಲದೆ ಇಲ್ಲ. ಟಾಯ್ಲೆಟ್ ದೂರ, ಸ್ಟೂಲಿನಲ್ಲಿ ಸೊಂಟ ಹಿಡಿಯುತ್ತದೆ, ಮಳೆ ಬಂದರೆ ಮುಗಿಯಿತು. ಅಪ್ಪ ಅಮ್ಮನನ್ನು ಕರೆದುಕೊಂಡು ಬಂದರೆ ನಾನು ಇಲ್ಲಿಗೆ ಬರುವುದಿಲ್ಲ, ಜೆಜು ಹಂದಿಯ ಅಂಗಡಿಗೇ ಹೋಗುತ್ತೇನೆ, ಕ್ಯೂ ಇದ್ದರೂ ಸರಿ. ಹತ್ತು ಜನ ಹುಡುಗರು ಸೇರಿ ಹೊಟ್ಟೆ ತುಂಬಬೇಕು ಅಂದರೆ ಮುಹಾನ್ ರಿಫಿಲ್‌ಗೂ ಅಡ್ಡಿಯಿಲ್ಲ, ತಟ್ಟೆ ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳಿ ಅಷ್ಟೆ.

ಕೊನೆಯ ರಾತ್ರಿ ಎಲ್ಲಿಗೆ ಅಂತ ಕೇಳಿದೆ. ನಾನು ಜೆಜು ಅಂದುಕೊಂಡಿದ್ದೆ. ರುಚಿ ಅಲ್ಲೇ ಜಾಸ್ತಿ ಅಂತ ಭಾವನೇ ಒಪ್ಪಿದ್ದರು. "ಆ ಗಲ್ಲಿಗೆ ಹೋಗೋಣ" ಅಂದರು.

ಅದೇ ಅಂಗಡಿ, ಅದೇ ಮೂಲೆ ಮೇಜು. ನೋಡಿಕೊಳ್ಳುವ ಹೆಂಗಸನ್ನು ಇಲ್ಲಿ ಇಮೋ ಅಂತ ಕರೆಯುತ್ತಾರೆ, ಅಮ್ಮನ ತಂಗಿ ಅಥವಾ ಅಕ್ಕ ಅಂತ ಅರ್ಥ. ಇದನ್ನು ಹೇಳಿಕೊಟ್ಟಿದ್ದೇ ತಪ್ಪಾಯಿತು, ಭಾವ ಐದು ನಿಮಿಷಕ್ಕೊಮ್ಮೆ "ಇಮೋ!" ಅಂತ ಕೂಗಿ ಎಲೆ ತರಿಸಿದರು. ಎಲೆಗೆ ದುಡ್ಡಿಲ್ಲವಲ್ಲ. ಮೂರನೇ ಸಲ ಬಂದಾಗ ಆಕೆ ಜಾಲರಿ ನೋಡಿದರು. ಒಂದು ಮಾತೂ ಆಡದೆ ಭಾವನ ಕೈಯಿಂದ ಇಕ್ಕಳ ತೆಗೆದುಕೊಂಡು, ನಡುವಿನ ನಾಲ್ಕು ತುಂಡನ್ನು ಅಂಚಿಗೆ ಸರಿಸಿ, ಅಂಚಿನದನ್ನು ನಡುವಿಗೆ ತಂದು, ಇಕ್ಕಳ ವಾಪಸ್ ಭಾವನ ಕೈಗೇ ಕೊಟ್ಟು ಹೋದರು.

"ನೋಡಿದ್ಯಾ? ಹೀಗಿರಬೇಕು" ಅಂದರು ಭಾವ, ನಡುವಿನ ತುಂಡು ತಿರುವುತ್ತಾ.